ನಿಂತ ನೆಲ ಯಾರದು

ಒಂದು ಮಗುವಿಗೆ ಯಾವ ಕಾಲೇಜು ಸರಿ ಎನ್ನುವುದನ್ನು ನಾನು ಧರ್ಮದ ಪ್ರಶ್ನೆ ಎಂದೇ ತಿಳಿದುಕೊಂಡು ಬಂದಿದ್ದೇನೆ. ಜನ ಅದನ್ನು ರ‍್ಯಾಂಕಿನ ಪ್ರಶ್ನೆ, ಫೀಸಿನ ಪ್ರಶ್ನೆ, ಹಾಸ್ಟೆಲಿನ ಪ್ರಶ್ನೆ ಮಾಡಿಕೊಂಡು ನನ್ನ ಹತ್ತಿರ ಬರುತ್ತಾರೆ. ಅವೆಲ್ಲ ಇರುವ ಪ್ರಶ್ನೆಗಳೇ, ಅವಕ್ಕೆ ಉತ್ತರವೂ ಬೇಕು. ಆದರೆ ಮಾತಾಡುತ್ತ ಮಾತಾಡುತ್ತ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, ಅಪ್ಪನೋ ಅಮ್ಮನೋ ಕೇಳುವ ಮಾತು ಬೇರೆಯೇ ಇರುತ್ತದೆ: "ನಮ್ ಹುಡುಗಿ ಅಲ್ಲಿ ಹೊಂದ್ಕೊತಾಳಾ ಮೇಷ್ಟ್ರೇ?" ಇದಕ್ಕೆ ಉತ್ತರ ಯಾವ ಕೈಪಿಡಿಯಲ್ಲೂ ಇಲ್ಲ.

ನಾನು ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಹಿರೀಸಾವೆಯಲ್ಲಿ ನೆಲೆ ನಿಂತವನು. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಹೋಬಳಿ ಊರು ನಮ್ಮದು. ಸುತ್ತ ತೆಂಗಿನ ತೋಟ, ರಾಗಿ ಹೊಲ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಹಳೆಯ ವಿದ್ಯಾರ್ಥಿಗಳ ತಮ್ಮಂದಿರು, ತಂಗಿಯರು, ಈಗೀಗ ಮಕ್ಕಳೂ ಜಗುಲಿಗೆ ಬಂದು ಕೂರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮಾರ್ಕ್ಸ್ ಕಾರ್ಡು, ನಾಡಕಚೇರಿಯಲ್ಲಿ ಮಾಡಿಸಿದ ಜಾತಿ–ಆದಾಯ ಪತ್ರ, ಬಿಇಒ ಸಹಿ ಬಿದ್ದ ಗ್ರಾಮೀಣ ವ್ಯಾಸಂಗ ಪತ್ರ, ಕನ್ನಡ ಮಾಧ್ಯಮದ ಪತ್ರ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡದಲ್ಲಿ ಓದಿದವರಿಗೆ ಶೇ 5 ಸೀಟು ಮೀಸಲಿದೆ. ಆ ಎರಡು ಹಾಳೆಗಳನ್ನು ತಾಯಂದಿರು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುವುದನ್ನು ನೋಡಿದ್ದೇನೆ.

ಸಿಇಟಿ ವ್ಯವಸ್ಥೆ 1994ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಸೀಟು ಎಂದರೆ ಕ್ಯಾಪಿಟೇಷನ್ ಎಂದೇ ಜನಕ್ಕೆ ಗೊತ್ತಿದ್ದ ಕಾಲ. 1993ರ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪಿನ ನಂತರ ಕರ್ನಾಟಕ ಒಂದೇ ಪರೀಕ್ಷೆ, ಒಂದೇ ಪಟ್ಟಿ ಎಂಬ ದಾರಿ ಹಿಡಿಯಿತು. ಹಳ್ಳಿಯ ಮಕ್ಕಳಿಗೆ ಅದು ದೊಡ್ಡ ಬಾಗಿಲನ್ನೇ ತೆರೆಯಿತು. ನಾನದನ್ನು ಕಣ್ಣಾರೆ ಕಂಡವನಾದ್ದರಿಂದ ಸಿಇಟಿಯನ್ನು ಸುಮ್ಮನೆ ಬೈಯುವವರ ಜೊತೆ ಸೇರಲಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಆಮೇಲೆ ಪರೀಕ್ಷಾ ಪ್ರಾಧಿಕಾರದ ಜಾಲದಲ್ಲಿ ಕಾಲೇಜು, ಕೋರ್ಸುಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಜೋಡಿಸಬೇಕು. ಮೊದಲು ಮಾಕ್ ಅಲಾಟ್‌ಮೆಂಟ್, ಆಮೇಲೆ ನಿಜವಾದದ್ದು. ಸೀಟು ಬಂದ ಮೇಲೆ ನಾಲ್ಕು ಛಾಯ್ಸ್. ಒಂದನೆಯದು: ಒಪ್ಪಿದೆ, ಸೇರುತ್ತೇನೆ. ಎರಡನೆಯದು: ಒಪ್ಪಿದೆ, ಆದರೆ ಇದಕ್ಕಿಂತ ಮೇಲಿನದು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ. ಮೂರನೆಯದು: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು: ನಾನು ಹೊರಟೆ.

ಕಂಪ್ಯೂಟರಿನಲ್ಲಿ ಮಕ್ಕಳು ಇವುಗಳಲ್ಲಿ ಒಂದನ್ನು ಒತ್ತಿ ಮುಗಿಸುತ್ತಾರೆ. ಮನಸ್ಸಿನಲ್ಲಿ ಮುಗಿಯುವುದಿಲ್ಲ. ಸೀಟು ತೆಗೆದುಕೊಂಡು, ಫೀಸು ಕಟ್ಟಿ, ಹಾಸ್ಟೆಲಿನಲ್ಲಿ ಹಾಸಿಗೆ ಹಾಸಿದ ಮೇಲೂ ಎಷ್ಟೋ ಮಕ್ಕಳು ಒಳಗೆ ಆ ಎರಡನೆಯ ಛಾಯ್ಸನ್ನೇ ಇಟ್ಟುಕೊಂಡಿರುತ್ತಾರೆ. ಇಲ್ಲಿದ್ದೇನೆ, ಆದರೆ ಇರಬೇಕಾದದ್ದು ಇಲ್ಲಲ್ಲ. ನಾಲ್ಕು ವರ್ಷ ಹೀಗೇ ಕಳೆಯುವವರಿದ್ದಾರೆ. ಹಾಗಾದರೆ ಒಂದು ಮಗುವಿಗೆ ಇಂಥದೇ ಜಾಗ ಎಂದು ಒಂದು ಇರುತ್ತದೆಯೇ? ಇದ್ದರೆ ಅದನ್ನು ಗೊತ್ತುಮಾಡಿದವರು ಯಾರು? ಇಲ್ಲದಿದ್ದರೆ ಈ ಕೊರಗು ಎಲ್ಲಿಂದ ಬಂತು?

ನಮ್ಮ ಊರಿನ ಕಡೆ ಇದಕ್ಕೆ ಸಿದ್ಧವಾದ ಉತ್ತರ ಋಣ. "ಎಲ್ಲಿ ಅನ್ನದ ಋಣ ಐತೋ ಅಲ್ಲಿಗೆ ಹೋಯ್ತದೆ ಬುಡಿ ಸಾರ್" ಎನ್ನುತ್ತಾರೆ. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸೇರದು. ಮಳೆಯನ್ನೂ ಕೊಬ್ಬರಿಯ ಬೆಲೆಯನ್ನೂ ಬೋರ್‌ವೆಲ್ಲಿನ ನೀರನ್ನೂ ತನ್ನ ಕೈಯಲ್ಲಿಟ್ಟುಕೊಳ್ಳಲಾರದ ಮನುಷ್ಯ ಹೇಳುವ ಮಾತು ಅದು. ಬೇಕಾದ ಸೀಟು ಕೈತಪ್ಪಿದ ರಾತ್ರಿ ಆ ಮಾತು ಒಂದು ಮನೆಯನ್ನು ಕಾಪಾಡುತ್ತದೆ. ತಪ್ಪನ್ನು ಮಗುವಿನ ತಲೆಗೆ ಕಟ್ಟದೆ ಎಲ್ಲರೂ ಕೂತು ಉಣ್ಣುವ ಹಾಗೆ ಮಾಡುತ್ತದೆ. ಅಷ್ಟು ದೊಡ್ಡ ಕೆಲಸ ಮಾಡುವ ಮಾತಿಗೆ ನನ್ನ ಗೌರವವಿದೆ. ಆದರೆ ಅದೇ ಮಾತನ್ನು ಕಾಲೇಜು ಸೇರಿದ ಮೇಲಿನ ಕಷ್ಟಕ್ಕೂ ಅನ್ವಯಿಸಿಬಿಟ್ಟರೆ ಕೇಡು. ಮಗು ಅಲ್ಲಿ ಒಂಟಿಯಾಗಿ ಒಣಗುತ್ತಿದ್ದರೆ "ಋಣ ಇರಲಿಲ್ಲ" ಎಂದು ಕೈತೊಳೆದುಕೊಳ್ಳಲು ಎಲ್ಲರಿಗೂ ದಾರಿಯಾಗುತ್ತದೆ. ಮನೆಯವರಿಗಿಂತ ಹೆಚ್ಚಾಗಿ, ಕಾಲೇಜಿನವರಿಗೆ.

ಸ್ವಲ್ಪ ಓದಿಕೊಂಡವರು ಗೀತೆಯ ಸ್ವಧರ್ಮದ ಮಾತು ತರುತ್ತಾರೆ. ಮೂರನೆಯ ಅಧ್ಯಾಯದಲ್ಲೂ ಹದಿನೆಂಟನೆಯದರಲ್ಲೂ ಬರುವ ಮಾತು. ತನ್ನದಲ್ಲದ್ದನ್ನು ಚೆನ್ನಾಗಿ ಮಾಡುವುದಕ್ಕಿಂತ ತನ್ನದನ್ನು ಕೊರತೆಯೊಂದಿಗಾದರೂ ಮಾಡುವುದು ಮೇಲು ಎಂಬುದು ಅದರ ಸಾರ. ಇದನ್ನು ಹುಟ್ಟಿನ ಕಸುಬಿಗೆ ಕಟ್ಟಿಹಾಕಿ ಮಕ್ಕಳನ್ನು ನಿಲ್ಲಿಸಿದವರಿದ್ದಾರೆ, ಅವರ ಜೊತೆ ನನಗೆ ಮಾತಿಲ್ಲ. ಆದರೆ ಒಬ್ಬ ಹುಡುಗನಿಗೆ ತನ್ನ ಪ್ರಶ್ನೆ ಯಾವುದು ಎಂದು ಗೊತ್ತಾದರೆ ಅವನ ಓದೂ ಗೊತ್ತಾಗುತ್ತದೆ ಎಂಬ ಅರ್ಥದಲ್ಲಿ ತೆಗೆದುಕೊಂಡರೆ ಅದಕ್ಕೆ ಸಾಕ್ಷಿ ನಮ್ಮ ತಾಲ್ಲೂಕಿನಲ್ಲೇ ಇದೆ. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಪ್ಲೇಗು ಅವರ ಮನೆಯವರನ್ನು ಎಳೆವಯಸ್ಸಿನಲ್ಲೇ ಕಿತ್ತುಕೊಂಡಿತು. ಸಾವು ಎಂದರೇನು ಎಂಬ ಪ್ರಶ್ನೆ ಆ ಹುಡುಗನನ್ನು ಬಿಡಲಿಲ್ಲ. ಊರೂರು ಅಲೆದು, ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿಯನ್ನೂ ಮಾಡಿ, ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ಬರೋಡದಲ್ಲಿ ಡಾಕ್ಟರೇಟ್ ಪಡೆದರು. ಅವರ ಆತ್ಮಕಥೆ 'ಭಿತ್ತಿ'ಯನ್ನು ನಮ್ಮ ಕಡೆಯ ಹುಡುಗರಿಗೆ ಓದಲು ಕೊಡುತ್ತೇನೆ. ಆದರೆ "ಅವರು ಅಷ್ಟು ಬಡತನದಲ್ಲೂ ಓದಲಿಲ್ಲವೇ, ನಿನಗೇನು ಬಂದಿದೆ" ಎಂದು ಆ ಪುಸ್ತಕದಿಂದ ಮಕ್ಕಳ ಬಾಯಿ ಮುಚ್ಚಿಸುವುದನ್ನು ಕಂಡರೆ ಸಹಿಸಲಾರೆ. ಹದಿನೆಂಟು ವರ್ಷಕ್ಕೆ ತನ್ನ ಪ್ರಶ್ನೆ ಯಾವುದೆಂದು ಸ್ಪಷ್ಟವಾಗಿ ಗೊತ್ತಿರುವವರು ಎಲ್ಲೋ ಒಬ್ಬರು. ಉಳಿದ ಮಕ್ಕಳೂ ಓದಬೇಕಲ್ಲ. ಅವರಿಗೂ ಒಂದು ನೆಲ ಬೇಕು.

ಇನ್ನು ಮೂರನೆಯ ಉತ್ತರ, ಈಗ ಎಲ್ಲ ಕಡೆ ನಡೆಯುತ್ತಿರುವುದು: ಕಾಲೇಜುಗಳನ್ನು ಒಂದರ ಕೆಳಗೊಂದು ಸಾಲಾಗಿ ನಿಲ್ಲಿಸಿ, ಮಕ್ಕಳನ್ನೂ ಹಾಗೇ ನಿಲ್ಲಿಸಿ, ಎರಡು ಸಾಲನ್ನೂ ಎದುರುಬದುರು ಸೇರಿಸುವುದು. ಮೇಲಿನದಕ್ಕೆ ಮೇಲಿನದು. ಇದರಲ್ಲಿ ಹೊಂದಿಕೆಯ ಮಾತೇ ಇಲ್ಲ. ನಮ್ಮ ಹೋಬಳಿಯ ಬೂಕನಬೆಟ್ಟದಲ್ಲಿ ಸಂಕ್ರಾಂತಿಯ ಆಸುಪಾಸಿಗೆ ರಂಗನಾಥಸ್ವಾಮಿಯ ಜಾತ್ರೆ, ಜೊತೆಗೆ ದೊಡ್ಡ ರಾಸುಗಳ ಜಾತ್ರೆ ನಡೆಯುತ್ತದೆ. ಅಲ್ಲಿ ಒಂಟಿ ಎತ್ತು ಕೊಳ್ಳಲು ಬಂದ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಬೆಲೆ ಕೇಳುತ್ತಾನೆ. ಆದರೂ ಕೊನೆಗೆ ಅವನು ಯೋಚಿಸುವುದು ಮನೆಯಲ್ಲಿ ಕಟ್ಟಿರುವ ಎತ್ತಿಗೆ ಇದು ಜೋಡಿಯಾಗುತ್ತದೆಯೇ ಎಂದು. ಜಾತ್ರೆಯಲ್ಲೇ ಅತಿ ಹೆಚ್ಚು ಬೆಲೆಯ ಎತ್ತು ಅವನ ನೊಗಕ್ಕೆ ಹೊಂದದೆ ಇರಬಹುದು. ಎತ್ತಿನ ವಿಷಯದಲ್ಲಿ ಇಷ್ಟು ವಿವೇಕ ಇರುವ ಅಪ್ಪನೇ ಮಗಳ ವಿಷಯದಲ್ಲಿ ಪ್ಲೇಸ್‌ಮೆಂಟ್ ಬೋರ್ಡಿನ ಮೇಲಿನ ಅತಿ ದೊಡ್ಡ ಸಂಖ್ಯೆಗೆ ಸೋಲುತ್ತಾನೆ. ಅವನನ್ನು ದೂರಲಾರೆ. ಸಾಲ ಮಾಡಿ ಓದಿಸುವವನಿಗೆ ಸಂಬಳದ ಚಿಂತೆ ಬೇಡ ಎನ್ನಲು ನಾನ್ಯಾರು?

ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ದಸರಾ ರಜೆಗೆ ಊರಿಗೆ ಬಂದವಳು ವಾಪಸು ಹೋಗುವುದಿಲ್ಲ ಎಂದು ಕೂತಳು. ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತ್ತು. ಅಪ್ಪ ಎರಡು ಹಸುವಿನ ಹಾಲು ಡೇರಿಗೆ ಹಾಕಿ, ಕೊಬ್ಬರಿ ದುಡ್ಡಿಗೆ ಸಾಲವನ್ನೂ ಸೇರಿಸಿ ಫೀಸು ಕಟ್ಟಿದ್ದ. ಅವನು ಅವಳನ್ನು ನನ್ನ ಜಗುಲಿಗೆ ಕರೆತಂದು ಕೂರಿಸಿ, ತಾನು ಬೀದಿಯಲ್ಲಿ ನಿಂತ. ಪಾಠ ಕಷ್ಟವೇ ಎಂದೆ. ಇಲ್ಲ ಎಂದಳು. ಊಟ, ಹಾಸ್ಟೆಲು? ಪರವಾಗಿಲ್ಲ. ಯಾರಾದರೂ ಗೇಲಿ ಮಾಡಿದರಾ?

"ಯಾರೂ ನಗಲಿಲ್ಲ ಸಾರ್. ಯಾರೂ ಏನೂ ಅನ್ನಲಿಲ್ಲ. ಆದ್ರೂ ದಿನಾ ಯಾರದೋ ಮನೇಲಿ ಕೂತಿದ್ದಂಗೆ ಅನ್ಸುತ್ತೆ. ಎಲ್ಲಾರೂ ಅವರವರ ಮನೇಲಿದ್ದಂಗೆ ಓಡಾಡ್ತಾರೆ."

ಲ್ಯಾಬಿನಲ್ಲಿ ನಾಲ್ವರ ಗುಂಪು. ಮೂವರು ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಕೆಲಸ ಮಾಡುತ್ತಾರೆ, ಇವಳು ರೆಕಾರ್ಡ್ ಬರೆಯುತ್ತಾಳೆ. ಅವಳು ಬರೆದದ್ದನ್ನೇ ಉಳಿದವರು ನೋಡಿಕೊಂಡು ಬರೆಯುತ್ತಾರೆ. ಅಂದರೆ ಅವರಿಗಿಂತ ಇವಳಿಗೇ ವಿಷಯ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿರುವ ಹಕ್ಕು ತನಗಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ದೂರು ಕೊಡಲು ಯಾರೂ ತಪ್ಪು ಮಾಡಿರಲಿಲ್ಲ. ಅವಳ ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಪಕ್ಕದ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವವನು.

ಬಾಹುಬಲಿಯ ಕಥೆಯ ಮೊದಲರ್ಧ ಎಲ್ಲರಿಗೂ ಗೊತ್ತು. ಅಣ್ಣ ಭರತನೊಂದಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಗೆದ್ದು, ಗೆದ್ದ ಕ್ಷಣದಲ್ಲೇ ಎಲ್ಲ ಬಿಟ್ಟು ತಪಸ್ಸಿಗೆ ನಿಂತದ್ದು. ಪಂಪ 'ಆದಿಪುರಾಣ' ಬರೆದದ್ದು ಕ್ರಿ.ಶ. 941ರ ಸುಮಾರಿಗೆ. ಗಂಗರ ಮಂತ್ರಿ ಚಾವುಂಡರಾಯ ಬೆಟ್ಟದ ಮೇಲೆ 58 ಅಡಿಯ ಮೂರ್ತಿ ಮಾಡಿಸಿದ್ದು 981ರ ಸುಮಾರಿಗೆ. ಕಾಲ ಬಳಿ ಹುತ್ತ, ಹಾವು, ತೊಡೆಯಿಂದ ತೋಳಿನವರೆಗೆ ಹಬ್ಬಿದ ಬಳ್ಳಿ. ನಮ್ಮ ಕಡೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಮೊದಲು ನೋಡುವ ಜಾಗ ಅದೇ. ಪಾಠ ಮಾಡುವಾಗ ನಾನು ನಿಲ್ಲುತ್ತಿದ್ದದ್ದು ಕಥೆಯ ಎರಡನೆಯ ಅರ್ಧದಲ್ಲಿ. ಒಂದು ವರ್ಷ ಅಲುಗಾಡದೆ ನಿಂತರೂ ಅವನಿಗೆ ಕೇವಲಜ್ಞಾನ ಬರಲಿಲ್ಲ. ಏಕೆ? ನಾನು ನಿಂತಿರುವುದು ಭರತನ ನೆಲ ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ, ಅನ್ನ ಬಿಟ್ಟ. ಪಾದ ಊರಲು ಬೇಕಾದಷ್ಟು ನೆಲ ಮಾತ್ರ ಉಳಿಯಿತು, ಅದೂ ಬೇರೆಯವನದು. ಆಮೇಲೆ ಭರತನೇ ಬಂದು, ಚಕ್ರವರ್ತಿಯಾದವನು ತಮ್ಮನ ಪಾದಕ್ಕೆ ನಮಸ್ಕರಿಸಿದ. ಆ ಮುಳ್ಳು ಕಳಚಿತು. ಜ್ಞಾನ ಬಂತು.

ಎಲ್ಲರೂ ಈ ಕಥೆಯನ್ನು ಹೀಗೇ ಹೇಳುವುದಿಲ್ಲ. ಪಂಪನಿಗೂ ಹಿಂದಿನ ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿ ಬಾಹುಬಲಿಯ ಕೊರಗು, ನನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬುದು. ಅಲ್ಲೂ ಭರತ ಬಂದು ಪೂಜಿಸಿದ ಮೇಲೆಯೇ ಅದು ತೀರುವುದು. ಶ್ವೇತಾಂಬರರ ಕಥೆಯಲ್ಲಿ ಬರುವವರು ಸೋದರಿಯರಾದ ಬ್ರಾಹ್ಮಿ ಮತ್ತು ಸುಂದರಿ. ಅಹಂಕಾರವೆಂಬ ಆನೆಯಿಂದ ಇಳಿ ಎಂದು ಅವರು ಅವನನ್ನು ಎಚ್ಚರಿಸುತ್ತಾರೆ. (ತಂದೆ ಆದಿನಾಥ ಲಿಪಿಯನ್ನು ಕಲಿಸಿದ್ದು ಬ್ರಾಹ್ಮಿಗೆ, ಅಂಕಿಗಳನ್ನು ಸುಂದರಿಗೆ. ಮೊದಲ ವಿದ್ಯಾರ್ಥಿಗಳು ಹೆಣ್ಣುಮಕ್ಕಳು ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ಹೇಳಬೇಕಾಗಿದೆ.) ಮೂರು ಕಥೆಯಲ್ಲಿ ಕೊರತೆಗೆ ಕೊಟ್ಟ ಕಾರಣ ಒಂದೊಂದು ಥರ. ಆದರೆ ಮೂರರಲ್ಲೂ ಯಾರೋ ಒಬ್ಬರು ನಡೆದು ಬಂದಿದ್ದಾರೆ. ಅಷ್ಟು ದೊಡ್ಡ ತಪಸ್ವಿಗೂ ತನ್ನೊಳಗಿನ ಕೊನೆಯ ಮುಳ್ಳನ್ನು ತಾನೇ ತೆಗೆದುಕೊಳ್ಳಲಾಗಲಿಲ್ಲ. ಸ್ವಂತ ಪ್ರಯತ್ನವನ್ನೇ ಮೋಕ್ಷದ ದಾರಿಯಾಗಿ ಹೇಳುವ, ವರ ಕೊಡುವ ದೇವರನ್ನು ಒಪ್ಪದ ಧರ್ಮ ಜೈನರದು. ಅಂಥ ಧರ್ಮದ ಕಥೆಯಲ್ಲಿ ಹೀಗೆ ಬಂದಿರುವುದು ನನ್ನನ್ನು ಎಷ್ಟೋ ವರ್ಷ ಯೋಚನೆಗೆ ಹಚ್ಚಿದೆ.

ನನಗೆ ಹೊಳೆದದ್ದು ಇಷ್ಟು. ಹೊಂದಿಕೊಳ್ಳುವ ಕೆಲಸವನ್ನು ನಾವು ಬಂದವನ ತಲೆಗೇ ಕಟ್ಟಿದ್ದೇವೆ. "ಹೊಂದ್ಕೊಂಡು ಹೋಗು ಕಣವ್ವ" ಎಂದು ಬಸ್ ಹತ್ತಿಸುವಾಗ ತಾಯಿ ಹೇಳುತ್ತಾಳೆ. ಓರಿಯಂಟೇಷನ್ ದಿನ ಪ್ರಾಂಶುಪಾಲರೂ ಅದನ್ನೇ ಹೇಳುತ್ತಾರೆ. ನೆಲ ಯಾರದೋ ಅವರು ಎದ್ದು ಬಂದು ಇದು ನಿನ್ನದೂ ಹೌದು ಎನ್ನುವವರೆಗೆ, ಬಂದವನ ಪ್ರಯತ್ನ ಎಷ್ಟಿದ್ದರೂ ಒಂದು ಮುಳ್ಳು ಉಳಿದೇ ಇರುತ್ತದೆ. ಅದು ಅವನ ದೌರ್ಬಲ್ಯದ ಗುರುತಲ್ಲ. ಅವನ ಕೈಗೆ ಎಟುಕದ ಜಾಗದಲ್ಲಿದೆ, ಅಷ್ಟೇ. ಸರ್ಕಾರ ಆ ಶೇ 15, ಶೇ 5ರ ಪತ್ರಗಳಲ್ಲಿ ಭರತನ ಮಾತನ್ನು ಬರೆದು ಕೊಟ್ಟಿದೆ. ಆ ಪತ್ರ ಮಗುವನ್ನು ಗೇಟಿನವರೆಗೆ ತಂದು ಬಿಡುತ್ತದೆ. ಗೇಟಿನ ಒಳಗೆ ಅದನ್ನು ಬಾಯಿಬಿಟ್ಟು ಹೇಳುವ ಮನುಷ್ಯ ಬೇಕು.

ಕರ್ಮ ಎಂದರೆ ಹಣೆಬರಹ ಎಂದು ತಿಳಿದಿರುವವರು ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ'ದ ಆರನೆಯ ಅಧ್ಯಾಯವನ್ನೊಮ್ಮೆ ನೋಡಬೇಕು. ಜೈನರಲ್ಲಿ ಕರ್ಮ ಎಂಟು ಬಗೆ. ಅದರಲ್ಲಿ ಅಂತರಾಯ ಎಂಬುದೊಂದು: ಸಿಗಬೇಕಾದದ್ದು ಸಿಗದಂತೆ, ಮಾಡುವ ಶಕ್ತಿ ಇದ್ದೂ ಮಾಡಲಾಗದಂತೆ ತಡೆಯುವ ಕರ್ಮ. ಸೀಟು ತಪ್ಪಿದವರ ಕಡೆ ಕೈ ತೋರಿಸಿ ಇದನ್ನು ಹೇಳುವುದು ಸುಲಭ. ಆದರೆ ಆ ಕರ್ಮ ಅಂಟಿಕೊಳ್ಳುವುದು ಹೇಗೆ ಎಂಬುದಕ್ಕೆ ಸೂತ್ರಕಾರರ ಉತ್ತರ ನೇರವಾಗಿದೆ: ಬೇರೆಯವರಿಗೆ ಅಡ್ಡಿ ಮಾಡುವುದರಿಂದ. ಜ್ಞಾನವನ್ನು ಮುಚ್ಚುವ ಜ್ಞಾನಾವರಣೀಯ ಕರ್ಮಕ್ಕೂ ಹಾಗೇ. ಗೊತ್ತಿರುವುದನ್ನು ಬಚ್ಚಿಡುವುದು, ಕಲಿಯುವವರ ಮೇಲೆ ಮತ್ಸರಪಡುವುದು, ಕಲಿಕೆಗೆ ತೊಡಕಾಗುವುದು, ಇವೇ ಅದಕ್ಕೆ ಕಾರಣಗಳು. ನಾನು ಜೈನನಲ್ಲ. ಆದರೆ ಮೇಷ್ಟ್ರಾದವನು ಹೆದರಬೇಕಾದ ಇದಕ್ಕಿಂತ ದೊಡ್ಡ ಮಾತನ್ನು ನಾನು ಓದಿಲ್ಲ. ಒಂದು ತರಗತಿಯಲ್ಲಿ ಅರವತ್ತು ಮಕ್ಕಳಿದ್ದಾಗ, ಮುಂದಿನ ಎರಡು ಬೆಂಚಿಗೆ ಮಾತ್ರ ಅರ್ಥವಾಗುವ ಹಾಗೆ ಪಾಠ ಮಾಡಿ ಹೊರಟರೆ ಅದು ಬಚ್ಚಿಟ್ಟಂತೆಯೇ. ಕೇಡು ಹಿಂದಿನ ಬೆಂಚಿನ ಮಗುವಿನ ಹಣೆಯಲ್ಲಿಲ್ಲ.

ಶ್ರವಣಬೆಳಗೊಳದ ಕಡೆ, ಕನ್ನಡ ನಾಡಿನ ಬಸದಿಗಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಮಾತಿದೆ: ನಾಲ್ಕು ದಾನ. ಆಹಾರ, ಅಭಯ, ಔಷಧ, ಶಾಸ್ತ್ರ. ಇಂದಿನ ಕಾಲೇಜೊಂದನ್ನು ಇದರ ಮುಂದೆ ಇಟ್ಟು ನೋಡಿ. ಹಾಸ್ಟೆಲಿನಲ್ಲಿ ಆಹಾರವಿದೆ, ಹೆಲ್ತ್ ಸೆಂಟರಿನಲ್ಲಿ ಔಷಧವಿದೆ, ಲೈಬ್ರರಿಯಲ್ಲಿ ಶಾಸ್ತ್ರವಿದೆ. ಫೀಸಿನ ರಸೀತಿಯಲ್ಲಿ ಇವಕ್ಕೆಲ್ಲ ಒಂದೊಂದು ಸಾಲು. ಅಭಯಕ್ಕೆ ಸಾಲಿಲ್ಲ. ಅದನ್ನು ಕೊಳ್ಳಲಾಗದು, ಯಾರಾದರೂ ಕೊಡಬೇಕು. ಅಭಯವಿಲ್ಲದೆ ಶಾಸ್ತ್ರ ಒಳಗಿಳಿಯುವುದಿಲ್ಲ ಎಂಬುದು ನನ್ನ ಸೇವೆಯ ಅಷ್ಟೂ ವರ್ಷಗಳಲ್ಲಿ ನಾನು ಕಲಿತದ್ದು. ಹೆದರಿದ ಮಗುವಿನ ತಲೆಯಲ್ಲಿ ನ್ಯೂಟನ್ ಆಗಲಿ ನಾಗವರ್ಮನಾಗಲಿ ನಿಲ್ಲುವುದಿಲ್ಲ.

ಆ ಹುಡುಗಿ ವಾಪಸು ಹೋದಳು. ನಾನು ಹೇಳಿದ್ದರಿಂದಲ್ಲ, ಕಟ್ಟಿದ ಫೀಸು ವಾಪಸು ಬರುವುದಿಲ್ಲ ಎಂಬ ಕಾರಣಕ್ಕೆ. ಡಿಸೆಂಬರಿನಲ್ಲಿ ಅವಳ ಗಣಿತದ ಮೇಡಂ ಉತ್ತರಪತ್ರಿಕೆ ಕೊಡುವಾಗ ಅವಳನ್ನು ನಿಲ್ಲಿಸಿ, "ಈ ಲೆಕ್ಕವನ್ನು ಹೀಗೆ ಬಿಡಿಸೋದನ್ನು ಯಾರು ಹೇಳಿಕೊಟ್ಟರು?" ಎಂದು ಕೇಳಿದರಂತೆ. ಇವಳು ಹೈಸ್ಕೂಲಿನ ಮೇಷ್ಟ್ರ ಹೆಸರು ಹೇಳಿದಳು. "ನಾಳೆ ಇದನ್ನು ಬೋರ್ಡಿನ ಮೇಲೆ ನೀನೇ ಮಾಡು. ಕನ್ನಡದಲ್ಲೇ ಹೇಳು, ಉಳಿದದ್ದು ನಾನು ನೋಡ್ಕೊತೀನಿ" ಎಂದರು. ಮಾರನೆಯ ದಿನ ಮಾಡಿದಳು. ಅಷ್ಟೇ ನಡೆದದ್ದು. ಇಂಗ್ಲಿಷ್ ಆಮೇಲೆ ನಿಧಾನವಾಗಿ ಬಂತು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಸಂಬಳ ಎಷ್ಟೆಂದು ನಾನು ಕೇಳಿಲ್ಲ.

ಅದೇ ಹೊತ್ತಿಗೆ ಬೇರೊಂದು ಕಾಲೇಜಿಗೆ ಸೇರಿದ್ದ ನಮ್ಮ ಹೋಬಳಿಯ ಹುಡುಗನೊಬ್ಬನ ಬಳಿಗೆ ಹಾಗೆ ಯಾರೂ ಬರಲಿಲ್ಲ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಬಿಟ್ಟು ಬಂದ. ರ‍್ಯಾಂಕು ಇವಳಿಗಿಂತ ಚೆನ್ನಾಗಿತ್ತು. ಆಪ್ಷನ್ ತಪ್ಪಾಗಿ ಹಾಕಿದೆವು, ಎರಡನೆಯದನ್ನು ಮೊದಲು ಹಾಕಬೇಕಿತ್ತು ಎಂದು ಅವನಪ್ಪ ಇವತ್ತಿಗೂ ಕೊರಗುತ್ತಾನೆ. ನನಗೆ ಗೊತ್ತಿರುವ ಮಟ್ಟಿಗೆ ಅವನು ಆಪ್ಷನ್ ಹಾಕಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಆ ಮಾತನ್ನು ಅವನಪ್ಪನಿಗೆ ಎಷ್ಟು ಸಲ ಹೇಳಿದರೂ ಅವನು ನಂಬುವುದಿಲ್ಲ. ಹುಡುಗ ಮಾತ್ರ ಆಮೇಲೆ ಹಾಸನದಲ್ಲಿ ಡಿಪ್ಲೊಮಾ ಮುಗಿಸಿದ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಓದಿದ್ದೂ ಹಾಸನದ ಎಲ್.ವಿ. ಪಾಲಿಟೆಕ್ನಿಕ್ಕಿನಲ್ಲೇ, ಅವರು 1996ರಲ್ಲಿ ಪ್ರಧಾನಿಯಾದರು ಎಂದು ನಮ್ಮ ಜಿಲ್ಲೆಯ ತಂದೆತಾಯಿ ಇಂಥ ಹೊತ್ತಿನಲ್ಲಿ ಸಮಾಧಾನ ಹೇಳಿಕೊಳ್ಳುತ್ತಾರೆ. ನಾನೂ ಅದನ್ನೇ ಹೇಳಿದೆ. ಹಾಸನ ದೂರವಲ್ಲ, ಮನೆಯಿಂದ ಹೋಗಿ ಬರಬಹುದು, ಮಾತು ನಮ್ಮದೇ. ಅಲ್ಲಿ ಅವನಿಗೆ ಭರತ ಬರಬೇಕಾದ ಅಗತ್ಯವೇ ಬೀಳಲಿಲ್ಲ. ಹತ್ತಿರದ ಕಾಲೇಜನ್ನು ಕೀಳೆಂದು ನೋಡುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಆದರೆ ಎಲ್ಲ ಮಕ್ಕಳೂ ಹತ್ತಿರದಲ್ಲೇ ಉಳಿಯಲಿ ಎಂದು ಹೇಳಲಾರೆ. ದೂರದ ನೆಲವೂ ಅವರದೇ ತಾನೇ?

ಹಾಗಾದರೆ ಮಗುವಿನ ಪಾಲಿಗೆ ಏನೂ ಇಲ್ಲವೇ ಎಂದು ಒಬ್ಬ ಗೆಳೆಯರು ಕೇಳಿದರು. ಇದೆ. ಭರತ ಬಂದದ್ದು ನಿಂತಿದ್ದವನ ಬಳಿಗೆ. ಬಾಹುಬಲಿ ಆ ಒಂದು ವರ್ಷ ಅಲ್ಲಿ ನಿಂತಿರದಿದ್ದರೆ ಬಂದವನಿಗೆ ಕಾಣುತ್ತಿದ್ದದ್ದು ಬರಿಯ ಹುತ್ತ. ಹುಡುಗಿಯೂ ಅರ್ಥವಾಗದ ಮಾತುಗಳ ನಡುವೆ ಲೆಕ್ಕ ಮಾಡುತ್ತಲೇ ಇದ್ದಳು. ಮೇಡಂಗೆ ಕಂಡದ್ದು ಆ ಲೆಕ್ಕ. ನಿಲ್ಲುವುದು ಮಗುವಿನ ಕೆಲಸ. ಅದನ್ನು ಮಾಡಿದವರ ಮೇಲೆ ಹೊಂದಿಕೊಳ್ಳಲಿಲ್ಲ ಎಂಬ ಅಪವಾದ ಹೊರಿಸಬಾರದು.

ಶ್ರವಣಬೆಳಗೊಳಕ್ಕೆ ಹೋದವರು ದೊಡ್ಡಬೆಟ್ಟ ಹತ್ತಿ ಇಳಿದು ವಾಪಸಾಗುತ್ತಾರೆ. ಎದುರಿನ ಚಿಕ್ಕಬೆಟ್ಟವನ್ನೂ ಹತ್ತಬೇಕು. ಅಲ್ಲಿ ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂದು ಕೊರೆದಿದೆ. ಅದು ರನ್ನನೇ ಬರೆದದ್ದು ಎಂದು ವಿದ್ವಾಂಸರು ನಂಬುತ್ತಾರೆ. ರನ್ನ ಮುದುವೊಳಲಿನ ಬಳೆಗಾರರ ಮನೆಯ ಹುಡುಗ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಓದಬೇಕೆಂದು ಊರು ಬಿಟ್ಟು, ಅಷ್ಟು ದೂರದ ಗಂಗರ ನಾಡಿಗೆ ಬಂದ. ಅಜಿತಸೇನಾಚಾರ್ಯರು ಅವನಿಗೆ ಗುರುವಾದರು, ಚಾವುಂಡರಾಯ ಆಶ್ರಯ ಕೊಟ್ಟ. ಬಳೆ ಮಾರುವವನ ಮಗನಿಗೆ ಕಾವ್ಯವೇಕೆ ಎಂದು ಆ ಗುರು ಕೇಳಿದ್ದರೆ ಕನ್ನಡಕ್ಕೆ 'ಗದಾಯುದ್ಧ' ಇರುತ್ತಿರಲಿಲ್ಲ. ಬೇರೆಯವರ ನಾಡಿನ ಬೆಟ್ಟದ ಮೇಲೆ ಕೂತು ಅವನು ತನ್ನ ಹೆಸರು ಕೊರೆದದ್ದನ್ನು ನೋಡಿದರೆ, ಅವನೊಳಗೆ ಆ ಮುಳ್ಳು ಉಳಿದಿರಲಿಲ್ಲ ಎಂದು ನನಗನ್ನಿಸುತ್ತದೆ.

ಆದ್ದರಿಂದ ಕಾಲೇಜು ನೋಡಲು ಹೋಗುವ ತಂದೆತಾಯಿಗೆ ನಾನು ಹೇಳುವುದು ಒಂದೇ. ಫೀಸು ಕೇಳಿ, ಪ್ಲೇಸ್‌ಮೆಂಟ್ ಕೇಳಿ, ಹಾಸ್ಟೆಲಿನ ಊಟ ಮಾಡಿ ನೋಡಿ. ಆಮೇಲೆ ಗೇಟಿನ ಹೊರಗೆ ಟೀ ಅಂಗಡಿಯ ಹತ್ತಿರ, ಹಳ್ಳಿಯಿಂದ ಬಂದ ಮೊದಲ ವರ್ಷದ ಒಂದು ಮಗುವನ್ನು ಮಾತಾಡಿಸಿ. "ಪಾ‌ಠ ಅರ್ಥ ಆಗದಿದ್ರೆ ಯಾರ ಹತ್ರ ಹೋಗ್ತೀಯವ್ವ?" ಎಂದು ಕೇಳಿ. ಅದು ತಡವರಿಸದೆ ಒಬ್ಬ ಮನುಷ್ಯರ ಹೆಸರು ಹೇಳಿದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಎರಡು ಸಾಲು ಮೇಲಕ್ಕೆ ತನ್ನಿ.

ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಪಾಠ ಮಾಡುವ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ನಿಮ್ಮ ಕಾಲೇಜಿನ ಆಫೀಸಿನಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದ ಪತ್ರ ಕೊಟ್ಟು ಸೇರಿದ ಮಕ್ಕಳ ಪಟ್ಟಿ ಇರುತ್ತದೆ. ಈ ಸಲ ತರಗತಿ ಶುರುವಾದ ಮೊದಲ ವಾರದಲ್ಲಿ ಆ ಪಟ್ಟಿ ತರಿಸಿಕೊಳ್ಳಿ. ಎಲ್ಲರ ಮುಂದೆ ಅವರನ್ನು ಎಬ್ಬಿಸಿ ನಿಲ್ಲಿಸಬೇಡಿ. ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆದು, ಕೂರಲು ಕುರ್ಚಿ ಕೊಟ್ಟು, ಯಾವ ಊರು, ಯಾವ ಮೇಷ್ಟ್ರ ಹತ್ತಿರ ಕಲಿತೆ ಎಂದು ಅವರ ಮಾತಿನಲ್ಲೇ ಕೇಳಿ. ಮೊದಲ ಇಂಟರ್ನಲ್ಸ್ ಬರುವುದರೊಳಗೆ ಈ ಕೆಲಸ ಮುಗಿದಿರಲಿ.